ಪಿಂಗ್‌ಗೆ ಉತ್ತರ ಬರುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ: ಶಿರಸಿಯ ಒಂದು ಅಡಿಕೆ ಸಂಘದ ಪ್ರಕರಣ

ಶಿರಸಿಯ ಒಂದು ಅಡಿಕೆ ಮಾರಾಟ ಸಂಘ. ಹೆಸರು ಬೇಡ. ಸದಸ್ಯರು ತಂದ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಡಿಕೆ ತೂಕದ ಕೌಂಟರಿನಲ್ಲಿ ಇಳಿಯುತ್ತದೆ. ಲಾಟ್ ನಂಬರ್ ಬೀಳುತ್ತದೆ, ಟೆಂಡರ್ ಆಗುತ್ತದೆ, ಆಮೇಲೆ ಸದಸ್ಯರ ಕೈಗೆ ಮಾರಾಟದ ಲೆಕ್ಕದ ಪಟ್ಟಿ ಹೋಗಬೇಕು. ಇಷ್ಟೂ ಕೆಲಸಕ್ಕೆ ಒಂದೇ ಸಾಫ್ಟ್‌ವೇರ್. ಅದು ಇಂಟರ್ನೆಟ್‌ನಲ್ಲಿಲ್ಲ, ಆಫೀಸಿನ ಒಳಗೇ ಇದೆ. ಅಕೌಂಟ್ಸ್ ವಿಭಾಗದ ಮೇಜಿನ ಕೆಳಗೆ ಇಟ್ಟಿರುವ ಒಂದು ವಿಂಡೋಸ್ 10 ಕಂಪ್ಯೂಟರಿನಲ್ಲಿ ಅಪಾಚೆ ವೆಬ್ ಸರ್ವರ್ ಓಡುತ್ತದೆ. ಉಳಿದವರು ಬ್ರೌಸರ್ ತೆರೆದು ಅದರ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆ) 192.168.1.50 ಎಂದು ಹೊಡೆದರೆ ಲಾಗಿನ್ ಪುಟ ಬರುತ್ತದೆ.

ಸರ್ವರನ್ನು ಒಳಗೇ ಇಟ್ಟುಕೊಂಡದ್ದು ಹಳೇ ಕಾಲದ ಯೋಚನೆ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ಮೇಲೆ ಒಂದು ಮರ ಬಿದ್ದರೆ ಕೇಬಲ್ ಹೋಯಿತು, ಇಂಟರ್ನೆಟ್ ಹೋಯಿತು. ಅಂಥ ದಿನವೂ ತೂಕ ನಿಲ್ಲಬಾರದು ಎಂದರೆ ಸರ್ವರ್ ಮನೆಯೊಳಗೇ ಇರಬೇಕು.

ದೂರು ಹೀಗಿತ್ತು. ಒಟ್ಟು ಒಂಬತ್ತು ಕಂಪ್ಯೂಟರು. ಕೆಲವು ದಿನ ಎಲ್ಲವೂ ಸರಿ. ಕೆಲವು ದಿನ ನಾಲ್ಕೈದರಲ್ಲಿ ಪುಟವೇ ತೆರೆಯುವುದಿಲ್ಲ, ಉಳಿದವರಲ್ಲಿ ಆರಾಮಾಗಿ ನಡೆಯುತ್ತದೆ. ತೂಕದ ಕೌಂಟರಿನಲ್ಲಿ ಒಂದು ಸಲವೂ ತೊಂದರೆ ಆಗಿಲ್ಲ. ಮ್ಯಾನೇಜರ್ ಲ್ಯಾಪ್‌ಟಾಪಿನಲ್ಲಿ ಒಂದು ಸಲವೂ ತೆರೆದಿಲ್ಲ. ನಡುವಿನವರದ್ದು ಹೋಗುತ್ತದೆ, ಬರುತ್ತದೆ. "ಬೆಳಿಗ್ಗೆ ಸರಿ ಇತ್ತು ಮಾರಾಯ್ರೆ, ಊಟ ಮಾಡಿ ಬರುವಷ್ಟರಲ್ಲಿ ಹೋಯ್ತು" ಎಂದರು ಸದಸ್ಯರ ಕೌಂಟರಿನವರು. ರೀಸ್ಟಾರ್ಟ್ ಮಾಡಿದರೆ ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಇಲ್ಲ.

ನಾನು ಹೋಗುವ ಹೊತ್ತಿಗೆ ಮದ್ದು ಸಾಕಷ್ಟು ಆಗಿತ್ತು. ಕೇಬಲ್ ಬದಲಾಯಿಸಿದ್ದರು. ಬ್ರೌಸರ್ ತೆಗೆದು ಬೇರೆ ಹಾಕಿದ್ದರು. ಸರ್ವರಿನ ಫೈರ್‌ವಾಲನ್ನು (ಹೊರಗಿನಿಂದ ಬರುವ ಕರೆಗಳನ್ನು ತಡೆಯುವ ಕಾವಲು) ಪೂರ್ತಿ ಆಫ್ ಮಾಡಿ ಹಾಗೇ ಬಿಟ್ಟಿದ್ದರು. ಇದರ ಕಥೆ ಮುಂದೆ ಬರುತ್ತದೆ. ಮ್ಯಾನೇಜರ್ ಒಂದು ತೀರ್ಮಾನಕ್ಕೂ ಬಂದಿದ್ದರು. ಗದ್ದಲ ಇರುವ ದಿನವೇ ಹೀಗಾಗುತ್ತದೆ, ಅಂದರೆ ಸರ್ವರ್ ಹಳೆಯದಾಗಿದೆ, ಅದಕ್ಕೆ ತಡೆಯುತ್ತಿಲ್ಲ. ಹೊಸ ಸರ್ವರಿಗೆ ಕೊಟೇಶನ್ ತರಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದರು.

ಸರ್ವರಿಗೆ ಹೊರೆ ಜಾಸ್ತಿಯಾದರೆ ಎಲ್ಲರಿಗೂ ನಿಧಾನ ಆಗಬೇಕು. ಒಬ್ಬರಿಗೆ ಚಕ್ ಅಂತ ತೆರೆಯುವುದು, ಪಕ್ಕದವರಿಗೆ ತೆರೆಯದೇ ಇರುವುದು ಹೊರೆಯ ಲಕ್ಷಣ ಅಲ್ಲ. ಒಂದೇ ಹೊತ್ತಿನಲ್ಲಿ ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಇಲ್ಲ ಎಂದರೆ ಸರ್ವರನ್ನು ಬಿಚ್ಚುವುದಕ್ಕಿಂತ ಮೊದಲು, ಸಿಗದವರಲ್ಲಿ ಸಮಾನವಾದದ್ದು ಏನು ಎಂದು ನೋಡಬೇಕು.

ಎರಡು ದೂರು, ಒಂದೇ ಮಾತು

ತೊಂದರೆ ಇದ್ದ ದಿನವೇ ಬರಲು ಹೇಳಿಸಿಕೊಂಡಿದ್ದೆ. ಮೊದಲು ಮಾಡಿದ್ದು ಪ್ರತಿ ಕಂಪ್ಯೂಟರಿನ ಮುಂದೆ ಕೂತು, ಪುಟ ತೆರೆಯದೇ ಇದ್ದಾಗ ಬ್ರೌಸರ್ ನಿಖರವಾಗಿ ಏನು ಹೇಳುತ್ತದೆ ಎಂದು ಬರೆದುಕೊಂಡದ್ದು. ಎಲ್ಲರ ಬಾಯಲ್ಲೂ "ಓಪನ್ ಆಗ್ತಿಲ್ಲ" ಎಂಬ ಒಂದೇ ಮಾತು. ಆದರೆ ಪರದೆಯ ಮೇಲೆ ಎರಡು ಬೇರೆ ಸಂದೇಶಗಳಿದ್ದವು.

ಮ್ಯಾನೇಜರ್ ಲ್ಯಾಪ್‌ಟಾಪ್ ಸುಮಾರು 20 ಸೆಕೆಂಡು ತಿರುಗಿ ತಿರುಗಿ, ಕೊನೆಗೆ "ಟೈಮ್ಡ್ ಔಟ್" ಎಂದಿತು. ಸದಸ್ಯರ ಕೌಂಟರ್, ವಖಾರಿ, ಅಕೌಂಟ್ಸ್‌ನ ಎರಡು ಕಂಪ್ಯೂಟರುಗಳಲ್ಲಿ ಬಂದದ್ದು "ರಿಫ್ಯೂಸ್ಡ್". ಅದೂ ಒಂದೆರಡು ಸೆಕೆಂಡಿನಲ್ಲಿ.

ಇವೆರಡೂ ಒಂದೇ ಅಲ್ಲ. ಟೈಮ್ಡ್ ಔಟ್ ಎಂದರೆ ಕರೆದದ್ದಕ್ಕೆ ಯಾರೂ ಓಗೊಡಲಿಲ್ಲ. ದಾರಿ ಕಡಿದಿರಬಹುದು, ನಡುವೆ ಫೈರ್‌ವಾಲ್ ಸುಮ್ಮನೆ ನುಂಗಿರಬಹುದು. ರಿಫ್ಯೂಸ್ಡ್ ಎಂದರೆ ಆ ವಿಳಾಸದಲ್ಲಿ ಒಂದು ಯಂತ್ರ ಇದೆ, ಅದು ಕರೆ ಕೇಳಿಸಿಕೊಂಡಿದೆ, "80ನೇ ಪೋರ್ಟಿನಲ್ಲಿ ಇಲ್ಲಿ ಯಾರೂ ಕೂತಿಲ್ಲ" ಎಂದು ಉತ್ತರವನ್ನೂ ಕೊಟ್ಟಿದೆ. (80ನೇ ಪೋರ್ಟ್ ಎಂದರೆ ಯಂತ್ರದಲ್ಲಿ ವೆಬ್ ಪುಟ ಕೇಳುವವರಿಗೆ ಇರುವ ಬಾಗಿಲು.) ಹಾಗಾಗಿ ಲ್ಯಾಪ್‌ಟಾಪನ್ನು ಪಟ್ಟಿಯಿಂದ ಬೇರೆ ಮಾಡಿದೆ. ಅದು ಅಲ್ಲಿ ಇದ್ದಷ್ಟು ಹೊತ್ತು ಯಾವ ಊಹೆಯೂ ಹೊಂದುತ್ತಿರಲಿಲ್ಲ. ವೈಫೈ ತೊಂದರೆ ಅನ್ನೋಣ ಎಂದರೆ ಕೇಬಲ್‌ನವರಿಗೂ ಇದೆ. ಕೇಬಲ್ ಅನ್ನೋಣ ಎಂದರೆ ಲ್ಯಾಪ್‌ಟಾಪ್ ಇರುವುದು ವೈಫೈಯಲ್ಲಿ.

ಲ್ಯಾಪ್‌ಟಾಪಿನದ್ದು ಬೇಗ ಮುಗಿಯಿತು. ಐಪಿ ವಿಳಾಸ ನೋಡಿದರೆ 192.168.5ರಿಂದ ಶುರು, ಉಳಿದ ಆಫೀಸಿನದ್ದು 192.168.1. ಹೊಸ ರೂಟರಿನಲ್ಲಿ ಗೆಸ್ಟ್ ವೈಫೈ ಎಂದು ಇನ್ನೊಂದು ಹೆಸರು ಇತ್ತು, ಮ್ಯಾನೇಜರ್ ಅದಕ್ಕೆ ಸೇರಿಕೊಂಡಿದ್ದರು. ಗೆಸ್ಟ್ ವೈಫೈ ಇರುವುದೇ ಬಂದವರಿಗೆ ಇಂಟರ್ನೆಟ್ ಕೊಟ್ಟು, ಒಳಗಿನ ಯಂತ್ರಗಳನ್ನು ಅವರಿಂದ ಮುಚ್ಚಿಡುವುದಕ್ಕೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ಇಂಟರ್ನೆಟ್ ಚೆನ್ನಾಗಿ ಬರುತ್ತಿದ್ದ ಕಾರಣ ನೆಟ್‌ವರ್ಕ್ ಬೇರೆ ಎಂದು ಯಾರಿಗೂ ಹೊಳೆದಿರಲಿಲ್ಲ. ಮುಖ್ಯ ವೈಫೈಗೆ ಸೇರಿಸಿದ ಕೂಡಲೇ ಪುಟ ತೆರೆಯಿತು.

ಪಿಂಗ್ ಹೇಳಿದ್ದು

ಇನ್ನು ಉಳಿದ ನಾಲ್ಕು. ಸದಸ್ಯರ ಕೌಂಟರಿನಿಂದ 192.168.1.50ಕ್ಕೆ ಪಿಂಗ್ ಕೊಟ್ಟೆ, ಅಂದರೆ "ಇದ್ದೀಯಾ?" ಎಂದು ಕೇಳುವ ಸಣ್ಣ ಸಂದೇಶ ಕಳಿಸಿದೆ. ಉತ್ತರ ಬಂತು. ಹಿಂದೆ ನೋಡಿದವರೂ ಇಲ್ಲಿಯವರೆಗೆ ಬಂದಿದ್ದರಂತೆ. ಪಿಂಗ್ ಬರುತ್ತದೆ, ಅಂದರೆ ನೆಟ್‌ವರ್ಕ್ ಸರಿ ಇದೆ, ತೊಂದರೆ ಸಾಫ್ಟ್‌ವೇರಿನದ್ದು ಎಂದು ಹೇಳಿ ಹೋಗಿದ್ದರು. ಸಾಫ್ಟ್‌ವೇರ್ ಮಾಡಿಕೊಟ್ಟವರು ನೆಟ್‌ವರ್ಕ್ ನೋಡಿಸಿ ಎಂದಿದ್ದರು. ಈ ಎರಡು ಮಾತಿನ ನಡುವೆ ಸಂಘದವರು ಸುಮ್ನೆ ಓಡಾಡುತ್ತಿದ್ದರು.

ಆದರೆ ಪಿಂಗ್ ಕೊಡುವ ಉತ್ತರದ ಸಾಲಿನಲ್ಲಿ ಇನ್ನೂ ಎರಡು ಸಂಗತಿ ಇರುತ್ತವೆ: ಎಷ್ಟು ಹೊತ್ತು ಹಿಡಿಯಿತು ಮತ್ತು ಟಿಟಿಎಲ್ (ಸಂದೇಶದ ಪೊಟ್ಟಣ ಇನ್ನೆಷ್ಟು ರೂಟರ್ ದಾಟಬಹುದು ಎಂಬ ಎಣಿಕೆ) ಎಷ್ಟು. ತೂಕದ ಕೌಂಟರಿನಿಂದ ಪಿಂಗ್ ಮಾಡಿದರೆ ಹೊತ್ತು 1 ಮಿಲಿಸೆಕೆಂಡಿಗಿಂತ ಕಡಿಮೆ, ಟಿಟಿಎಲ್ 128. ಸದಸ್ಯರ ಕೌಂಟರಿನಿಂದ ಮಾಡಿದರೆ ಹೊತ್ತು ಒಮ್ಮೆ 60, ಒಮ್ಮೆ 140, ಒಮ್ಮೆ 90, ಟಿಟಿಎಲ್ 64.

ವಿಂಡೋಸ್ ಯಂತ್ರ ಕಳಿಸುವ ಪೊಟ್ಟಣದ ಟಿಟಿಎಲ್ ಸಾಮಾನ್ಯವಾಗಿ 128ರಿಂದ ಶುರುವಾಗುತ್ತದೆ. ಲಿನಕ್ಸ್, ಆಂಡ್ರಾಯ್ಡ್, ಐಫೋನ್‌ಗಳದ್ದು 64. ದಾರಿಯಲ್ಲಿ ಒಂದು ರೂಟರ್ ದಾಟಿದರೆ ಒಂದು ಕಡಿಮೆ ಆಗುತ್ತದೆ. ಒಂದೇ ಆಫೀಸಿನ ಸ್ವಿಚ್ಚಿನೊಳಗೆ ದಾಟುವುದು ಏನೂ ಇಲ್ಲ, ಹಾಗಾಗಿ ಸಂಖ್ಯೆ ಕಡಿಮೆ ಆಗಬಾರದು. ಒಂದೇ ವಿಂಡೋಸ್ ಸರ್ವರ್ ಒಬ್ಬರಿಗೆ 128, ಇನ್ನೊಬ್ಬರಿಗೆ 64 ಎಂದು ಹೇಗೆ ಉತ್ತರ ಕೊಡುತ್ತದೆ? ಅಲ್ಲದೆ ಸರ್ವರ್ ಇರುವುದು ಕೇಬಲ್‌ನಲ್ಲಿ, ಕೌಂಟರ್ ಇರುವುದೂ ಕೇಬಲ್‌ನಲ್ಲಿ. 140 ಮಿಲಿಸೆಕೆಂಡು ಹಿಡಿಯುವುದಕ್ಕೆ ಕಾರಣವೇ ಇಲ್ಲ. ಹೀಗೆ ಏರಿಳಿಯುವ ಹೊತ್ತು ಅರ್ಧ ನಿದ್ದೆಯಲ್ಲಿರುವ ವೈಫೈ ಸಾಧನದ್ದು.

ಆದರೂ ಇದು ಅನುಮಾನ ಮಾತ್ರ. ಟೆಂಡರ್ ಮುಗಿಯುವವರೆಗೆ ಕಾದು, ಎಲ್ಲರಿಗೂ ಹೇಳಿ, ಸರ್ವರಿನ ನೆಟ್‌ವರ್ಕ್ ಕೇಬಲ್ಲನ್ನೇ ಎಳೆದು ಪಕ್ಕಕ್ಕಿಟ್ಟೆ. ಸದಸ್ಯರ ಕೌಂಟರಿನಿಂದ ಮತ್ತೆ 192.168.1.50ಕ್ಕೆ ಪಿಂಗ್. ಉತ್ತರ ಬರುತ್ತಲೇ ಇತ್ತು!

"ಎಂತದು ಇದು, ವಯರ್ ಇಲ್ಲದೇ ಮಾತಾಡ್ತದಾ?" ಎಂದರು ಮ್ಯಾನೇಜರ್. ಈ ಪರೀಕ್ಷೆಗೆ ದೊಡ್ಡ ಜ್ಞಾನ ಬೇಡ, ಯಾವ ಸಾಧನವೂ ಬೇಡ. ಆದರೆ ಇದಕ್ಕಿಂತ ಗಟ್ಟಿ ಪುರಾವೆ ಇನ್ನೊಂದಿಲ್ಲ. ಸರ್ವರ್ ಇಲ್ಲದಾಗಲೂ ಸರ್ವರಿನ ವಿಳಾಸದಿಂದ ಉತ್ತರ ಬರುತ್ತದೆ ಎಂದರೆ ಆ ವಿಳಾಸ ಇಟ್ಟುಕೊಂಡ ಯಂತ್ರ ಇನ್ನೊಂದು ಇದೆ.

ಇನ್ನೊಬ್ಬ 50

ಐಪಿ ವಿಳಾಸ ಗೊತ್ತಿದ್ದ ಮಾತ್ರಕ್ಕೆ ಒಂದು ಕಂಪ್ಯೂಟರು ಇನ್ನೊಂದಕ್ಕೆ ಮಾತು ಮುಟ್ಟಿಸಲಾರದು. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಆರು ಜೋಡಿ ಅಂಕಿ-ಅಕ್ಷರಗಳ ಒಂದು ಮ್ಯಾಕ್ ವಿಳಾಸ ಇರುತ್ತದೆ. ಸ್ವಿಚ್ಚಿಗೆ ಅರ್ಥವಾಗುವುದು ಅದು ಮಾತ್ರ. ಹಾಗಾಗಿ ಕಂಪ್ಯೂಟರು ಮೊದಲು ಎಲ್ಲರಿಗೂ ಕೇಳುವಂತೆ ವಿಚಾರಿಸುತ್ತದೆ. ಟೆಂಡರ್ ಹಾಲಿನಲ್ಲಿ ಒಬ್ಬರು ಎದ್ದು "50ನೇ ಲಾಟ್ ಯಾರದ್ದು?" ಎಂದು ಕೂಗಿದ ಹಾಗೆ. ಕೈ ಎತ್ತಿದವರೇ ಮಾಲೀಕರು, ರಸೀದಿ ಯಾರೂ ನೋಡುವುದಿಲ್ಲ. ಈ ಪದ್ಧತಿಯ ಹೆಸರು ಎಆರ್‌ಪಿ. 1982ರಲ್ಲಿ ಆರ್‌ಎಫ್‌ಸಿ 826 ಎಂಬ ದಾಖಲೆಯಲ್ಲಿ ಬಂದದ್ದು, ಇಂದಿಗೂ ಎಲ್ಲ ಆಫೀಸುಗಳಲ್ಲೂ ಅದೇ ನಡೆಯುತ್ತಿದೆ. ಬಂದ ಉತ್ತರವನ್ನು ಕಂಪ್ಯೂಟರು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಇಬ್ಬರು ಕೈ ಎತ್ತಿದರೆ? ಪಟ್ಟಿಯಲ್ಲಿ ಯಾರ ಉತ್ತರ ಉಳಿಯಿತೋ ಅವರ ಕಡೆಗೆ ಮಾತು ಹೋಗುತ್ತದೆ.

ಆ ಪಟ್ಟಿಯನ್ನು ನಾವೂ ನೋಡಬಹುದು. ಕಮಾಂಡ್ ಪ್ರಾಂಪ್ಟಿನಲ್ಲಿ ಎ, ಆರ್, ಪಿ ಎಂಬ ಮೂರು ಅಕ್ಷರ, ಒಂದು ಜಾಗ ಬಿಟ್ಟು ಅಡ್ಡಗೆರೆ, ಅದಕ್ಕೆ ಅಂಟಿಸಿ ಎ. ಕೇಬಲ್ ಮತ್ತೆ ಚುಚ್ಚಿ ಎಲ್ಲ ಕಂಪ್ಯೂಟರುಗಳಲ್ಲೂ ಇದನ್ನು ನೋಡುತ್ತ ಹೋದೆ. ಪುಟ ತೆರೆಯುವ ಕಡೆಗಳಲ್ಲಿ 192.168.1.50ರ (ಇನ್ನು ಮುಂದೆ ಕೊನೆಯ ಸಂಖ್ಯೆ ಮಾತ್ರ, ಬರೀ 50) ಎದುರು ಇದ್ದ ಮ್ಯಾಕ್ ವಿಳಾಸ 18ರಿಂದ ಶುರು. ಅದು ಸರ್ವರಿನದ್ದೇ. ತೆರೆಯದ ಕಡೆಗಳಲ್ಲಿ ಅದೇ 50ರ ಎದುರು 6ಎ ಎಂದು ಶುರುವಾಗುವ ಬೇರೆ ವಿಳಾಸ. ನಾಲ್ಕಕ್ಕೆ ನಾಲ್ಕರಲ್ಲೂ ಅದೇ.

ಮ್ಯಾಕ್ ವಿಳಾಸದ ಮೊದಲ ಮೂರು ಜೋಡಿಯಿಂದ ಕಾರ್ಡ್ ತಯಾರಿಸಿದ ಕಂಪನಿ ಯಾವುದು ಎಂದು ಹುಡುಕಬಹುದು. ಈ 6ಎಗೆ ಯಾವ ಕಂಪನಿಯೂ ಸಿಗಲಿಲ್ಲ. ಸಿಗದೇ ಇದ್ದದ್ದೇ ಸುಳಿವು. ಮ್ಯಾಕ್ ವಿಳಾಸದ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಕಾರ್ಖಾನೆಯಲ್ಲಿ ಕೊಟ್ಟದ್ದಲ್ಲ, ಸಾಧನ ತಾನೇ ಹುಟ್ಟಿಸಿಕೊಂಡದ್ದು. ಆಂಡ್ರಾಯ್ಡ್ 10ರಿಂದ, ಐಫೋನ್‌ನಲ್ಲಿ ಐಓಎಸ್ 14ರಿಂದ, ಅಂದರೆ 2019-20ರಿಂದ ಈಚೆಗೆ, ಗುರುತು ಸಿಗದಿರಲಿ ಎಂದು ವೈಫೈಗೆ ಹೀಗೆ ಹುಟ್ಟಿಸಿದ ವಿಳಾಸ ಬಳಸುವುದೇ ರೂಢಿ. ಟಿಟಿಎಲ್ 64, ಏರಿಳಿಯುವ ಹೊತ್ತು, ಹುಟ್ಟಿಸಿದ ಮ್ಯಾಕ್. ಇದು ಯಾರದ್ದೋ ಕಿಸೆಯಲ್ಲಿರುವ ಮೊಬೈಲ್ ಫೋನು.

ಫೋನಿನಲ್ಲಿ ವೆಬ್ ಸರ್ವರ್ ಇರುವುದಿಲ್ಲ. ಹಾಗಾಗಿ ಪಿಂಗ್‌ಗೆ ಉತ್ತರ ಕೊಟ್ಟಿತು, 80ನೇ ಪೋರ್ಟಿಗೆ ಬಂದವರನ್ನು "ರಿಫ್ಯೂಸ್ಡ್" ಎಂದು ವಾಪಸ್ ಕಳಿಸಿತು. ಎಷ್ಟು ಶಿಸ್ತಿನ ಫೋನು ನೋಡಿ.

ವಿಳಾಸ ಫೋನಿಗೆ ಸಿಕ್ಕಿದ್ದು ಹೇಗೆ

ರೂಟರಿನ ಪುಟಕ್ಕೆ ಲಾಗಿನ್ ಆಗಿ ನೋಡಿದಾಗ ಉಳಿದದ್ದು ಬಿಚ್ಚಿಕೊಂಡಿತು. ಏಪ್ರಿಲ್, ಮೇ ಹೊತ್ತಿಗೆ ಶಿರಸಿ ಕಡೆ ಗುಡುಗು ಸಿಡಿಲು ಜಾಸ್ತಿ. ಅಂಥದ್ದೊಂದು ಸಂಜೆ ಹಳೇ ರೂಟರ್ ಸುಟ್ಟಿತ್ತು. ಪೇಟೆಯಿಂದ ಹೊಸದು ತಂದು, ಹೆಸರು ಪಾಸ್‌ವರ್ಡ್ ಹಾಕಿ, ಇಂಟರ್ನೆಟ್ ಬಂತು ಎಂದು ನೋಡಿ ಬಿಟ್ಟಿದ್ದರು. ತಂದುಕೊಟ್ಟವರು ತಮಗೆ ಹೇಳಿದ ಕೆಲಸ ಮಾಡಿದ್ದರು.

ಹಳೇ ರೂಟರಿನಲ್ಲಿ ಯಾರೋ ತಿಳಿದವರು ಒಂದು ಗೆರೆ ಹಾಕಿಟ್ಟಿದ್ದರು: ತಾನಾಗಿ ಹಂಚುವ ವಿಳಾಸಗಳು 100ರಿಂದ 200ರವರೆಗೆ ಮಾತ್ರ. 100ರ ಕೆಳಗಿನವು ಸರ್ವರ್, ಪ್ರಿಂಟರ್ ಇಂಥವಕ್ಕೆ ಕೈಯಿಂದ ಬರೆದು ಕೊಡುವುದಕ್ಕೆ. ಸರ್ವರಿನ 50 ಹಾಗೆ ಬಂದದ್ದು. ಹೊಸ ರೂಟರಿಗೆ ಈ ಏರ್ಪಾಡು ಗೊತ್ತಿಲ್ಲ. ಅದು ಅಂಗಡಿಯಿಂದ ಬಂದ ಹಾಗೆ 2ರಿಂದ 254ರವರೆಗೆ ಎಲ್ಲವನ್ನೂ ಹಂಚಲು ತಯಾರಾಗಿತ್ತು. ಸರ್ವರ್ ತನ್ನ ವಿಳಾಸವನ್ನು ರೂಟರಿನಿಂದ ಕೇಳಿ ಪಡೆದದ್ದಲ್ಲ, ಹಾಗಾಗಿ ರೂಟರಿನ ಲೆಕ್ಕದಲ್ಲಿ 50 ಖಾಲಿ. ಸಂಜೆ ಸರ್ವರ್ ಬಂದ್ ಮಾಡಿದ ಮೇಲೆ ಯಾವುದೋ ಫೋನು ವಿಳಾಸ ಕೇಳಿದೆ, ರೂಟರ್ 50 ಕೊಟ್ಟಿದೆ. ಆ ಹೊತ್ತಿಗೆ ಸರ್ವರ್ ಎಚ್ಚರ ಇಲ್ಲದ್ದರಿಂದ ಅದು ತನ್ನದು ಎಂದು ಹೇಳುವವರೂ ಇರಲಿಲ್ಲ. ಆಮೇಲೆ ಫೋನು ಬಂದಾಗಲೆಲ್ಲ ಹಿಂದಿನ ವಿಳಾಸವನ್ನೇ ಕೇಳುತ್ತದೆ, ರೂಟರ್ ಸರಿ ಎನ್ನುತ್ತದೆ.

ರೂಟರಿನ ಪಟ್ಟಿಯಲ್ಲಿ 50ರ ಎದುರು ಫೋನಿನ ಮಾಡೆಲ್ ಹೆಸರು ಕಾಣುತ್ತಿತ್ತು. ಕೇಳಿದಾಗ ಗೊತ್ತಾಯಿತು. ಹಳ್ಳಿಯ ಶಾಖೆಯಲ್ಲಿ ಕೂತುಕೊಳ್ಳುವ ಒಬ್ಬ ಸಿಬ್ಬಂದಿಯದ್ದು. ಅಡಿಕೆ ಜಾಸ್ತಿ ಬರುವ ದಿನ ಅವರನ್ನು ಸಹಾಯಕ್ಕೆ ಪೇಟೆ ಆಫೀಸಿಗೆ ಕರೆಸುತ್ತಾರೆ. ಗದ್ದಲದ ದಿನವೇ ತೊಂದರೆ ಎಂದು ಮ್ಯಾನೇಜರ್ ಹೇಳಿದ್ದು ಸುಳ್ಳಾಗಿರಲಿಲ್ಲ, ಕಾರಣ ಮಾತ್ರ ಬೇರೆ. ಆ ಸಿಬ್ಬಂದಿ ಪಾಪ ಗಾಬರಿಯಾಗಿ "ನಾನೆಂತೂ ಮಾಡ್ಲಿಲ್ಲ ಸರ್, ವೈಫೈ ಆನ್ ಮಾಡಿದ್ದು ಅಷ್ಟೇ" ಎಂದರು. ಅವರು ಮಾಡಿದ್ದರಲ್ಲಿ ತಪ್ಪೇ ಇಲ್ಲ. ರೂಟರ್ ಕೊಟ್ಟದ್ದನ್ನು ಫೋನು ತೆಗೆದುಕೊಂಡಿತು.

ತೂಕದ ಕೌಂಟರಿಗೆ ಮಾತ್ರ ಯಾಕೆ ತೊಂದರೆ ಆಗಲಿಲ್ಲ? ಆ ಕಂಪ್ಯೂಟರು ದಿನವಿಡೀ ಸರ್ವರಿನ ಜೊತೆ ಮಾತಾಡುತ್ತಲೇ ಇರುತ್ತದೆ. ಒಂದು ಚೀಟಿ ಮುಗಿಯುವಷ್ಟರಲ್ಲಿ ಇನ್ನೊಂದು. ವಿಂಡೋಸ್‌ನಲ್ಲಿ ಎಆರ್‌ಪಿ ಪಟ್ಟಿಯ ಒಂದು ಸಾಲು ಗಟ್ಟಿ ಎಂದು ಪರಿಗಣಿತವಾಗುವುದು 15ರಿಂದ 45 ಸೆಕೆಂಡಿನ ಮಟ್ಟಿಗೆ. ನಡುವೆ ಆ ಯಂತ್ರದಿಂದ ಸರಿಯಾದ ಉತ್ತರ ಬರುತ್ತಿದ್ದರೆ ಅದು ಹಾಗೇ ಮುಂದುವರಿಯುತ್ತದೆ, ಹೊಸದಾಗಿ ಕೂಗುವ ಸಂದರ್ಭ ಕಡಿಮೆ. ಸದಸ್ಯರ ಕೌಂಟರಿನವರು ಊಟಕ್ಕೆ ಎದ್ದರೆ ಆ ಮಾತು ನಿಂತಿತು. ಬಂದು ಕೂತು ಪುಟ ತೆರೆದರೆ ಕಂಪ್ಯೂಟರು ಮತ್ತೆ ಕೂಗಬೇಕಾಗಬಹುದು, ಆಗ ಸರ್ವರ್ ಸಿಗಬಹುದು, ಫೋನೂ ಸಿಗಬಹುದು. ರೀಸ್ಟಾರ್ಟಿನ ಮಹಿಮೆಯೂ ಇದೇ. ಅದು ಏನನ್ನೂ ಸರಿ ಮಾಡುತ್ತಿರಲಿಲ್ಲ, ಅದೃಷ್ಟದ ಚೀಟಿ ಮತ್ತೆ ಎತ್ತಿಸುತ್ತಿತ್ತು.

ವಿಂಡೋಸ್ ಇದನ್ನು ಮೊದಲೇ ಹೇಳಿತ್ತು ಎಂಬುದು ಇನ್ನೊಂದು ಸಂಗತಿ. ತನ್ನ ವಿಳಾಸವನ್ನು ಬೇರೆಯವರು ಬಳಸುವುದು ಕಂಡರೆ ಅದು ಪರದೆಯ ಮೇಲೆ ಎಚ್ಚರಿಕೆ ತೋರಿಸುತ್ತದೆ, ಈವೆಂಟ್ ವ್ಯೂವರಿನ ಸಿಸ್ಟಮ್ ಲಾಗಿನಲ್ಲಿ 4199 ಎಂಬ ನಂಬರಿನಡಿ ಬರೆದೂ ಇಡುತ್ತದೆ, ಎದುರಾಳಿಯ ಮ್ಯಾಕ್ ವಿಳಾಸ ಸಮೇತ. ಆದರೆ ಮೇಜಿನ ಕೆಳಗಿನ ಸರ್ವರಿಗೆ ಮಾನಿಟರ್ ಇಲ್ಲ. ಮಾನಿಟರ್ ಹಚ್ಚಿ ಲಾಗ್ ತೆರೆದರೆ 4199 ಸಾಲುಸಾಲಾಗಿ ಇತ್ತು. ಅದೇ 6ಎ. ಮೊದಲಿಗೇ ಅಲ್ಲಿ ನೋಡಿದ್ದರೆ ಬೇಗ ಮುಗಿಯುತ್ತಿತ್ತು, ಅಲ್ವಾ? ಹೌದು. ಆದರೆ ಸರ್ವರ್ ಲಿನಕ್ಸ್ ಆಗಿದ್ದರೆ ಈ ಲಾಗ್ ಇರುತ್ತಿರಲಿಲ್ಲ. ಕೇಬಲ್ ಎಳೆದು ಪಿಂಗ್ ಮಾಡುವುದು ಎಲ್ಲ ಕಡೆಯೂ ನಡೆಯುತ್ತದೆ.

ಸರಿಪಡಿಸಿದ್ದು

ಸರ್ವರಿನ ವಿಳಾಸ ಬದಲಾಯಿಸಿ ಬಿಡೋಣ ಎಂದು ಒಬ್ಬರು ಹೇಳಿದರು. ಅದು ತಾತ್ಕಾಲಿಕ. 2ರಿಂದ 254ರೊಳಗೆ ಎಲ್ಲಿಗೆ ಹೋದರೂ ಇನ್ನೊಂದು ಫೋನು ಅಲ್ಲಿಗೆ ಬರಬಹುದು. ಅದೂ ಅಲ್ಲದೆ ಎಲ್ಲರ ಡೆಸ್ಕ್‌ಟಾಪಿನಲ್ಲಿರುವ ಶಾರ್ಟ್‌ಕಟ್ ತಿದ್ದಬೇಕು. ಹೊಸ ಸರ್ವರ್ ಕೊಂಡಿದ್ದರೂ ಇದೇ ವಿಳಾಸ ಕೊಡುತ್ತಿದ್ದರು, ಇದೇ ತೊಂದರೆ ಮುಂದುವರಿಯುತ್ತಿತ್ತು.

ರೂಟರಿನಲ್ಲಿ ಹಂಚುವ ವಿಳಾಸಗಳನ್ನು ಮತ್ತೆ 100ರಿಂದ 200ಕ್ಕೆ ಇಳಿಸಿದೆ. ರೂಟರನ್ನು ಒಮ್ಮೆ ಬಂದ್ ಮಾಡಿ ಹಚ್ಚಿದೆವು. ಫೋನಿನಲ್ಲಿ ಆ ವೈಫೈಯನ್ನು ಮರೆಸಿ ಮತ್ತೆ ಸೇರಿಸಿದಾಗ ಅದಕ್ಕೆ 104 ಬಂತು. ನಾಲ್ಕೂ ಕಂಪ್ಯೂಟರುಗಳಲ್ಲಿ ಎಆರ್‌ಪಿ ಪಟ್ಟಿ ಅಳಿಸಿ ಪುಟ ತೆರೆದೆ. ಎಲ್ಲದರಲ್ಲೂ ಬಂತು, ಟಿಟಿಎಲ್ 128.

ಆಮೇಲೆ ಫೈರ್‌ವಾಲ್. ಅದನ್ನು ಹಾಗೇ ಬಿಡುವಂತಿಲ್ಲ, ಸದಸ್ಯರ ಲೆಕ್ಕವೆಲ್ಲ ಆ ಯಂತ್ರದಲ್ಲಿದೆ. ಆನ್ ಮಾಡಿದ ಕೂಡಲೇ ಒಂಬತ್ತಕ್ಕೆ ಒಂಬತ್ತರಲ್ಲೂ ಪುಟ ಹೋಯಿತು! ಮ್ಯಾನೇಜರ್ ಮುಖ ನೋಡಬೇಕಿತ್ತು. ಈ ಸಲ ಬಂದದ್ದು ಎಲ್ಲ ಕಡೆಯೂ ಟೈಮ್ಡ್ ಔಟ್, ರಿಫ್ಯೂಸ್ಡ್ ಅಲ್ಲ. ಹಾಗಾಗಿ ಹುಡುಕುವುದು ಕಷ್ಟ ಆಗಲಿಲ್ಲ. ವಿಂಡೋಸ್ ನೆಟ್‌ವರ್ಕನ್ನು ಗುರುತಿಸುವುದು ಮುಖ್ಯವಾಗಿ ರೂಟರಿನ ಮ್ಯಾಕ್ ವಿಳಾಸ ನೋಡಿ. ರೂಟರ್ ಬದಲಾದಾಗ ಇದು ಹೊಸ ಜಾಗ ಎಂದುಕೊಂಡು ಪಬ್ಲಿಕ್ ಎಂದು ಗುರುತು ಹಾಕಿಕೊಂಡಿತ್ತು, ಬಸ್‌ಸ್ಟ್ಯಾಂಡಿನ ವೈಫೈಗೆ ಹಾಕುವ ಗುರುತೇ. ಅಪಾಚೆಗೆ ಮೊದಲು ಕೊಟ್ಟಿದ್ದ ಅನುಮತಿ ಪ್ರೈವೇಟ್ ನೆಟ್‌ವರ್ಕಿಗೆ ಮಾತ್ರ. ಸಿಡಿಲಿನ ನಂತರ ಮೊದಲ ದಿನ ಯಾರಿಗೂ ಪುಟ ತೆರೆಯದೆ, ಅದಕ್ಕೇ ಫೈರ್‌ವಾಲ್ ಆಫ್ ಮಾಡಿದ್ದೆವು ಎಂದು ಅಕೌಂಟ್ಸ್‌ನವರಿಗೆ ಆಗ ನೆನಪಾಯಿತು. ನೆಟ್‌ವರ್ಕನ್ನು ಪ್ರೈವೇಟ್ ಎಂದು ಬದಲಿಸಿದಾಗ ಫೈರ್‌ವಾಲ್ ಇದ್ದುಕೊಂಡೇ ಎಲ್ಲ ತೆರೆಯಿತು.

ಮುಂದಿನ ಬೇಸಿಗೆಗೆ ಮತ್ತೆ ಸಿಡಿಲು ಬರುತ್ತದೆ, ಮತ್ತೊಂದು ರೂಟರ್ ಬರಬಹುದು. ಹಂಚುವ ವಿಳಾಸ 100ರಿಂದ 200, ಸರ್ವರ್ 50, ಗೆಸ್ಟ್ ವೈಫೈ ಸಿಬ್ಬಂದಿಗಲ್ಲ ಎಂದು ಒಂದು ಕಾಗದದಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ ರೂಟರಿನ ಪಕ್ಕ ಅಂಟಿಸಿದೆವು. ರೂಟರಿನ ಸೆಟ್ಟಿಂಗ್ ಫೈಲನ್ನೂ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟಾಯಿತು. ಆದರೆ ಬೇರೆ ಕಂಪನಿಯ ರೂಟರ್ ಬಂದರೆ ಆ ಫೈಲು ಉಪಯೋಗಕ್ಕೆ ಬರುವುದಿಲ್ಲ, ಕಾಗದ ಬರುತ್ತದೆ.

ಕಾಗದ ಬರೆಯುವಾಗ ಕೈಯಿಂದ ವಿಳಾಸ ಕೊಟ್ಟ ಉಳಿದ ಯಂತ್ರಗಳನ್ನೂ ಕೇಳಿದೆ. ವಖಾರಿಯ ಪ್ರಿಂಟರ್ 60ರಲ್ಲಿತ್ತು. ಅದು ಆಗಾಗ ಆಫ್‌ಲೈನ್ ಆಗುತ್ತದೆ ಎಂದು ಬೇರೆಯೇ ಒಂದು ದೂರು ಇತ್ತಂತೆ, ಯಾರೂ ಇದರ ಜೊತೆ ಸೇರಿಸಿ ನೋಡಿರಲಿಲ್ಲ. ಹಾಜರಾತಿಯ ಬೆರಳಚ್ಚು ಯಂತ್ರ 120ರಲ್ಲಿತ್ತು, ಅಂದರೆ ಹಂಚುವ ಗೆರೆಯ ಒಳಗೆ. ಅದರ ಪಾಸ್‌ವರ್ಡ್ ಯಾರ ಹತ್ತಿರವೂ ಇರಲಿಲ್ಲ. ಅದನ್ನು ಹಾಕಿಕೊಟ್ಟವರು ಬಂದು 61ಕ್ಕೆ ಬದಲಿಸುವವರೆಗೆ, ರೂಟರಿನಲ್ಲಿ 120ನ್ನು ಅದರ ಮ್ಯಾಕ್ ವಿಳಾಸಕ್ಕೆ ಕಾದಿರಿಸಿ ಇಟ್ಟಿದ್ದೇನೆ.